ಎಂಟು ತಾಸಿನ ಸಿಂಗಪುರ

ಸಿರುಗುಪ್ಪದಲ್ಲಿ ಯಾವ ಅಕ್ಕಿ ಗಿರಣಿಗಾದರೂ ಹೋಗಿ ಧಾರಣೆ ಕೇಳಿಕೊಂಡು ಬಂದುಬಿಡಬಹುದು. ನಮ್ಮ ಸಾವುಕಾರರ ಗಿರಣಿಯಲ್ಲಿ ಮಾತ್ರ ಅದು ಆಗದ ಮಾತು. ಸೋನಾ ಮಸೂರಿ ಕ್ವಿಂಟಲಿಗೆ ಎಷ್ಟು ಅಂದಿರೋ, "ಸಿಂಗಪುರದಾಗ ಏನ್ ರೇಟ್ ಐತಿ ಗೊತ್ತೇನ್ರಿ?" ಎಂದು ಅವರು ಕುರ್ಚಿ ತೋರಿಸುತ್ತಾರೆ. ಹಮಾಲರು ಮೆಲ್ಲಗೆ ಚೀಲಗಳ ಮರೆಗೆ ಸರಿಯುತ್ತಾರೆ.

ಇಂಥವರು ಈಗ ಊರಿಗೊಬ್ಬರಿದ್ದಾರೆ. ಬಳ್ಳಾರಿಯ ಜೀನ್ಸ್ ಹೊಲಿಸುವವರಲ್ಲಿ ಬ್ಯಾಂಕಾಕ್ ಕಂಡವರು, ಕುರುಗೋಡಿನ ಗೊಬ್ಬರದಂಗಡಿಯವರಲ್ಲಿ ಕಂಪನಿ ಖರ್ಚಿನಲ್ಲಿ ದುಬೈ ಕಂಡವರು ಸಿಕ್ಕೇ ಸಿಗುತ್ತಾರೆ. ಸಾವುಕಾರರದು ಸಿಂಗಪುರ. ಸಿಡ್ನಿಯ ಮಗಳ ಮನೆಗೆ ಹೋಗುವಾಗ ವಿಮಾನ ಬದಲಿಸಲು ಅಲ್ಲಿ ಎಂಟು ತಾಸು ಕಾಯಬೇಕಿತ್ತು. ಆಸ್ಟ್ರೇಲಿಯಾದ ವೀಸಾ ಇರುವ ಭಾರತೀಯ ಪ್ರಯಾಣಿಕರನ್ನು 96 ತಾಸಿನವರೆಗೆ ಊರೊಳಗೆ ಬಿಡುತ್ತಾರೆಂದು ಮಗಳು ಮೊದಲೇ ಹೇಳಿದ್ದಳು. ಐದೂವರೆ ತಾಸಿಗಿಂತ ಹೆಚ್ಚು ಕಾಯುವವರಿಗೆ ಚಾಂಗಿ ವಿಮಾನ ನಿಲ್ದಾಣದವರೇ ಪುಕ್ಕಟೆ ಬಸ್ಸಿನಲ್ಲಿ ಊರು ತೋರಿಸುತ್ತಾರೆಂದೂ ಹೇಳಿದ್ದಳು. ಪುಕ್ಕಟೆ ಎಂಬ ಮಾತು ಕೇಳಿದ್ದೇ ಸಾವುಕಾರರಿಗೆ ಅನುಮಾನ ಬಂತು. ಅಮ್ಮಾರನ್ನು ಕರೆದುಕೊಂಡು ರೈಲು ಹತ್ತಿದರು.

ನೋಡಿದ್ದನ್ನೆಲ್ಲ ಅವರು ತಮ್ಮ ತಕ್ಕಡಿಯಲ್ಲೇ ತೂಗಿದರು. ಮುಗಿಲು ಮುಟ್ಟುವ ಕಟ್ಟಡ ಕಂಡರೆ, "ಬಳ್ಳಾರಿ ಗುಡ್ಡ ನೋಡಿ ಬೆಳೆದವರಿಗೆ ಎತ್ತರ ತೋರಿಸ್ತಾರಂತ." ಬಾಯಿಂದ ನೀರುಗುಳುವ ಮೆರ್ಲಯನ್ ಪ್ರತಿಮೆಯ ಮುಂದೆ ನಿಂತು, "ಮ್ಯಾಲೆ ಸಿಂಹ, ತೆಳಗ ಮೀನ. ಅದೂ ಸಿಮೆಂಟಿಂದು. ನಮ್ಮ ಕುರುಗೋಡು ದೊಡ್ಡಬಸಪ್ಪ ಒಂದ ಕಲ್ಲಾಗ ಪೂರ್ತಿ ಬಸವಣ್ಣ ಆಗ್ಯಾನ." ಅದು 1972ರಲ್ಲಿ ಆದದ್ದೆಂದು ಯಾರೋ ಹೇಳಿದಾಗ ಸಾವುಕಾರರು ಅದರತ್ತ ಹಿರಿಯರು ಕಿರಿಯರನ್ನು ನೋಡುವಂತೆ ನೋಡಿದರಂತೆ.

ಒಂದಕ್ಕೆ ಮಾತ್ರ ಸೋತರು. ನಿಲ್ದಾಣದ ಪಕ್ಕದ ಜ್ಯುವೆಲ್ ಕಟ್ಟಡದಲ್ಲಿ 2019ರಿಂದ ಚಾವಣಿಯ ನಡುವಿನಿಂದ 40 ಮೀಟರ್ ಕೆಳಕ್ಕೆ ನೀರು ಧುಮುಕುತ್ತದೆ. ಕಾಲುವೆಯ ಕೊನೆ ಭಾಗದ ರೈತರ ಗೋಳು ದಿನಾ ಕೇಳುವ ಮನುಷ್ಯ ಆ ನೀರಿನ ಮುಂದೆ ಅರ್ಧ ತಾಸು ಮಾತಾಡಲಿಲ್ಲ. ಅಮ್ಮಾರ ಪ್ರಕಾರ ಮದುವೆಯಾದ ಮೇಲೆ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಮುಂದೆ 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಆ ಅರ್ಧ ತಾಸಿನ ಬಾಕಿಯನ್ನೆಲ್ಲ ತೀರಿಸಿಕೊಂಡರು: "ಅವರು ಸೂರಿನಾಗಿಂದ ನೀರು ಸುರಸ್ತಾರ. ನಮಗ ಬಾಗಿಲಾ ಹಾಕಾಕ ಬರಲಿಲ್ಲ!"

ಊಟದ ಪ್ರಸಂಗ ದೊಡ್ಡದು. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್‌ನಲ್ಲಿ ಕೂತು, ಬಾಳೆ ಎಲೆಗೆ ಬಿದ್ದ ಅನ್ನದ ಒಂದು ಅಗುಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರು. ಅಗುಳು ಎರಡಾಯಿತು. ಮೂಸಿದರು. "ಹೊಸ ಅಕ್ಕಿ" ಎಂದರು. ಬಡಿಸುವವನು ಹುಳಿ ಹಿಡಿದು ಕಾಯುತ್ತಲೇ ಇದ್ದ. ಆಮೇಲೆ ಕಿರಾಣಿ ಅಂಗಡಿಯೊಂದರಲ್ಲಿ ಬಿಚ್ಚಿಟ್ಟ ಚೀಲಕ್ಕೆ ಕೈ ಹಾಕಿ, ಅಂಗೈ ಮೇಲೆ ಅಕ್ಕಿ ಹರಡಿ ಊದಿ, ನುಚ್ಚು ಬೇರೆ ಮಾಡಿ ಅಂಗಡಿಯವನಿಗೆ ತೋರಿಸಿದರು. ಅವನದು ತಮಿಳು, ಇವರದು ಸಿರುಗುಪ್ಪದ ತೆಲುಗು. ಇಬ್ಬರಿಗೂ ಎಲ್ಲ ತಿಳಿಯಿತು. ಚಹವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮೊಳದುದ್ದ ಎಳೆಯುವವನನ್ನು ಕಂಡು, ದರವನ್ನು ರೂಪಾಯಿಗೆ ಗುಣಿಸಿ, ಕುಡಿಯದೆ ಎದ್ದರು. ಡುರಿಯನ್ ಹಣ್ಣು ತಿಂದೆ ಎಂದು ಹೇಳಿಕೊಳ್ಳುತ್ತಾರೆ. "ಎಲ್ಲಿ ತಿಂದ್ರು? ವಾಸನಿಗೇ ಓಡಿ ಬಂದ್ರು. ಕಡೀಗೆ ನನ್ನ ಚೀಲದಾಗಿನ ರೊಟ್ಟಿ, ಶೇಂಗಾ ಹಿಂಡಿನೇ ಗತಿ ಆತು" ಎಂದು ಅಮ್ಮಾರು ಒಳಗಿನಿಂದಲೇ ತಿದ್ದುತ್ತಾರೆ.

ದಂಡದ ಭಯದಿಂದ ಎಂಟೂ ತಾಸು ಎಲೆಅಡಿಕೆ ಇಲ್ಲದೆ ಕಳೆದವರು, ಊರಿಗೆ ಬಂದದ್ದೇ ಗಿರಣಿಯಲ್ಲಿ "ಉಗುಳಿದರೆ ದಂಡ ರೂ. 50" ಎಂದು ಬರೆಸಿದರು. ಮೊದಲು ಉಗುಳಿದವರೂ ಅವರೇ. ವಸೂಲಿಗೆ ನೇಮಕವಾಗಿದ್ದ ಗುಮಾಸ್ತನ ಬಾಯಿ ತುಂಬಿತ್ತು, ಪಾಪ, ಅವನಿಗೆ ಮಾತಾಡಲು ಬರಲಿಲ್ಲ.

ಸಿಡ್ನಿಯಲ್ಲಿ ಅವರು ಮೂರು ತಿಂಗಳಿದ್ದರು. ಆ ಮೂರು ತಿಂಗಳ ಬಗ್ಗೆ ಕೇಳಿದರೆ, "ಚಲೋ ಐತ್ರಿ. ಥಂಡಿ ಭಾಳ" ಎಂದು ಮುಗಿಸುತ್ತಾರೆ. ಮಗಳು ಅಳಿಯ ಕೆಲಸಕ್ಕೆ ಹೋದರೆ ಬಾಗಿಲು ಹಾಕಿಕೊಂಡು ಕೂರಬೇಕು, ಹೊರಗೆ ಹೋದರೆ ನಿಂತು ಮಾತಾಡುವವರಿಲ್ಲ, ಧಾರಣೆ ಕೇಳುವವರಂತೂ ಇಲ್ಲವೇ ಇಲ್ಲ. ಯಾರ ಕೈಯೂ ಹಿಡಿಯದೆ, ಯಾರನ್ನೂ ಕೇಳದೆ ಪರದೇಶದಲ್ಲಿ ಅವರು ಸಾವುಕಾರರಾಗಿಯೇ ಓಡಾಡಿದ್ದು ಆ ಎಂಟು ತಾಸು ಮಾತ್ರ. ಅದನ್ನೇ ಇಷ್ಟು ವರ್ಷ ಹಂಚಿ ಉಣ್ಣುತ್ತಿದ್ದಾರೆಂದರೆ ನನಗೇನೂ ತಪ್ಪು ಕಾಣುವುದಿಲ್ಲ, ಕೇಳಿ ಕೇಳಿ ಸಾಕಾಗಿರುವುದು ನಿಜವಾದರೂ.

ಈ ಸಲ ಮಗಳು ಬೆಂಗಳೂರಿನಿಂದ ಸಿಡ್ನಿಗೆ 2022ರಲ್ಲಿ ಶುರುವಾದ ನೇರ ವಿಮಾನದಲ್ಲೇ ಬನ್ನಿ, ನಡುವೆ ತೊಂದರೆ ಬೇಡ ಎಂದಿದ್ದಾಳೆ. "ನೇರ ಬ್ಯಾಡವ್ವ, ಇಳಕೊಂತ ಬರ್ತೀವಿ" ಎಂದು ಸಾವುಕಾರರು ಹಟ ಹಿಡಿದಿದ್ದಾರೆ. ಟಿಕೆಟ್ಟು ಇನ್ನೂ ಆಗಿಲ್ಲ.