ಚೌಕಳಿ ಕೋಟಿನ ಶ್ರೀಸಾಮಾನ್ಯರಿಗೆ

ಪೂಜ್ಯ ಶ್ರೀಸಾಮಾನ್ಯರೇ,

ಮುಂಬೈನ ವರ್ಲಿಯ ಕಡಲ ದಂಡೆಯಲ್ಲಿ ಕಂಚಿನ ಮೂರ್ತಿಯಾಗಿ ನಿಂತಿರುವ ತಮಗೆ ಈ ಕಾಗದ ಬರೆಯಲು ಕಾರಣ, 2024ರ ನವೆಂಬರಿನಲ್ಲಿ ಹರಿದ ಕಣ್ಣೀರು. ವಿಸ್ತಾರ ಎಂಬ ವಿಮಾನ ಕಂಪನಿ ಏರ್ ಇಂಡಿಯಾದೊಳಗೆ ಲೀನವಾಯಿತಲ್ಲ, ಆ ವಾರ ಜನ ಬೋರ್ಡಿಂಗ್ ಪಾಸ್ ಹಿಡಿದು ಸೆಲ್ಫಿ ತೆಗೆದುಕೊಂಡು ಗದ್ಗದಿತರಾದರು. ಪತ್ರಿಕೆಗಳು ಶ್ರದ್ಧಾಂಜಲಿಯ ಧಾಟಿಯಲ್ಲಿ ಬರೆದವು. ಹಾರಲು ಶುರುಮಾಡಿ ಹತ್ತು ವರ್ಷವೂ ತುಂಬಿರಲಿಲ್ಲ, ಪಾಪ. ಅಳಲಿ, ತಪ್ಪೇನಿಲ್ಲ; ಊಟ ಚೆನ್ನಾಗಿತ್ತಂತೆ. ನನ್ನ ಹೊಟ್ಟೆಯುರಿ ಬೇರೆ. ತಮ್ಮ ವಿಮಾನ ಕಂಪನಿ ಹೋದಾಗ ಹೀಗೆ ಕಣ್ಣೊರೆಸಿಕೊಂಡವರನ್ನು ನಾನು ಕಾಣಲಿಲ್ಲ.

2003ರ ಆಗಸ್ಟ್ ನೆನಪಿದೆಯೇ? ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಿಸಿದರು. ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕುಂಚದಲ್ಲಿ ಹುಟ್ಟಿದ ತಾವೇ ಮುಂದೆ ಅದರ ಜಾಹೀರಾತಿನ ಮುಖವಾದಿರಿ. ಒಂದು ರೂಪಾಯಿ ಟಿಕೆಟ್ಟಿನ ಆಸೆಗೆ ಜನ ಕಂಪ್ಯೂಟರ್ ಮುಂದೆ ಕಾದು ಕೂತರು. ಸೀಟಿಗೆ ನಂಬರಿರಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ನಮ್ಮ ವಂಶಪಾರಂಪರ್ಯ ವಿದ್ಯೆಗೆ ಕೊನೆಗೂ ಆಕಾಶದಲ್ಲಿ ಬೆಲೆ ಬಂತು. ನೀರಿಗೂ ಕಾಸು ಬಿಚ್ಚಬೇಕಿತ್ತು. ಹೊರಡುವುದು ತಡವಾದಾಗ ಜನ ಬಾಯಿಗೆ ಬಂದಂತೆ ಬೈದರು. ತಾವು ಎಂದಿನಂತೆ ತುಟಿಪಿಟಕ್ಕೆನ್ನಲಿಲ್ಲ.

2007ರಲ್ಲಿ ವಿಜಯ್ ಮಲ್ಯರು ಬಂದರು, ಶೇಕಡ 26ರ ಪಾಲಿಗೆ 550 ಕೋಟಿ ರೂಪಾಯಿ ಹಿಡಿದುಕೊಂಡು. ಪತ್ರಿಕೆಯವರು ಅವರನ್ನೂ ಗೋಪಿನಾಥರನ್ನೂ ಅಕ್ಕಪಕ್ಕ ನಿಲ್ಲಿಸಿ ಫೋಟೊ ಹಾಕಿದರು, ಥೇಟ್ ಆರತಕ್ಷತೆ. ಒಳಗುಟ್ಟು ಇಷ್ಟೆ: ದೇಶದೊಳಗೆ ಐದು ವರ್ಷ ಹಾರಿದವರಿಗೆ ಮಾತ್ರ ವಿದೇಶಕ್ಕೆ ಹಾರುವ ಅಪ್ಪಣೆ ಎಂಬುದು ಆಗಿನ ನಿಯಮ. ಮಲ್ಯರ ಕಿಂಗ್‌ಫಿಷರ್ ಹಾರತೊಡಗಿದ್ದು 2005ರಲ್ಲಿ. ಐದು ತುಂಬಲಿದ್ದುದು ತಮಗೆ. ಹಾಗಾಗಿ ಕಾಗದದ ಮೇಲೆ ಕಿಂಗ್‌ಫಿಷರೇ ಬಂದು ಡೆಕ್ಕನ್ನಿನೊಳಗೆ ಸೇರಿತು. ಮನೆಅಳಿಯನಾಗಿ ಬಂದವನು ಮಾವನ ಬಾಗಿಲ ಬೋರ್ಡನ್ನೇ ಕಿತ್ತು ತನ್ನ ಹೆಸರು ಬರೆಸಿಕೊಂಡ. 2008ರ ಆಗಸ್ಟಿನಲ್ಲಿ ತಮ್ಮ ವಿಮಾನಗಳಿಗೆ ಕಿಂಗ್‌ಫಿಷರ್ ರೆಡ್ ಎಂದು ಮರುನಾಮಕರಣ, ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಾಟ. ತಮ್ಮ ಚೌಕಳಿ ಕೋಟು ಅಟ್ಟ ಸೇರಿತು.

ಕಿಂಗ್‌ಫಿಷರ್‌ನಲ್ಲಿ ಪ್ರಯಾಣಿಕ ಅನ್ನುವಂತಿರಲಿಲ್ಲ, ಎಲ್ಲರೂ ‘ಅತಿಥಿ’ಗಳೇ. ಟವೆಲ್ ಎಸೆಯುತ್ತಿದ್ದ ನಾವು ರಾತ್ರೋರಾತ್ರಿ ಅತಿಥಿಗಳಾದೆವು, ಬೆನ್ನು ನೆಟ್ಟಗಾಯಿತು. 2011ರಲ್ಲಿ ರೆಡ್ ಸೇವೆಯನ್ನು ಕೈಬಿಡುತ್ತೇವೆ ಎಂದರು. ಮರುವರ್ಷ ಅಕ್ಟೋಬರಿಗೆ ಇಡೀ ಕಂಪನಿಯೇ ನೆಲ ಕಚ್ಚಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಅತಿಥಿಯಲ್ಲಿನ ‘ಅ’ ಉದುರಿ ತಿಥಿ ಉಳಿಯಿತು.

ಈಗ ವಿಸ್ತಾರದ ಕಡೆಗೆ ಬರೋಣ. ಅದರ ಬಣ್ಣ ಬದನೆಕಾಯಿಯದು. ಹೌದು, ಕಂಪನಿಯವರೇ ಇಂಗ್ಲಿಷಿನಲ್ಲಿ ಹಾಗೆ ಕರೆದುಕೊಂಡಿದ್ದರು. ವಿಲೀನವಾದ ಮೇಲೂ ಹಳೆಯ ಅನುಭವವೇ ಮುಂದುವರಿಯುತ್ತದೆ ಎಂದು ಭರವಸೆ ಕೊಟ್ಟರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನಮ್ಮಲ್ಲಿ ಇಲ್ಲದೇ ಹೋಗಿದ್ದರೆ ನಾನೂ ನಂಬುತ್ತಿದ್ದೆ. ಹಳೇ ವಿಸ್ತಾರದ ವಿಮಾನಗಳ ಗುರುತಿಗೆ ನಂಬರಿನ ಮುಂದೆ ಒಂದು 2 ಅಂಟಿಸಿದರು: ಯುಕೆ 955 ಇದ್ದದ್ದು ಎಐ 2955. ನಮ್ಮ ಅಕ್ಕನ ಮಗ ದೆಹಲಿಗೆ ಟಿಕೆಟ್ ಮಾಡುವಾಗ ನೋಡಬೇಕು ತಾವು. ಕನ್ನಡಕ ಹಣೆಗೇರಿಸಿ, ಮೊಬೈಲಿನ ಮೇಲೆ ಬೆರಳಾಡಿಸಿ, ಪಂಚಾಂಗದಲ್ಲಿ ರಾಹುಕಾಲ ತಪ್ಪಿಸುವವನ ಹಾಗೆ 2 ಹುಡುಕುತ್ತಾನೆ. “ಸಿಕ್ತು ಮಾವ, ಎರಡು ಸಿಕ್ತು!” ಎಂದು ಕೂಗುತ್ತಾನೆ. ಹೋಗುವ ಊರು ಅದೇ, ಆಕಾಶ ಅದೇ, ಯಜಮಾನರೂ ಅದೇ ಟಾಟಾ.

ಪತ್ರಿಕೆಯವರನ್ನು ದೂರಿ ಫಲವಿಲ್ಲ. ಬದನೆಕಾಯಿ ಬಣ್ಣದ ವಿಮಾನದಲ್ಲಿ ಹೋಗುತ್ತಿದ್ದವರಲ್ಲಿ ಅವರೂ ಇದ್ದರು. ಟವೆಲ್ ಎಸೆದವರಿಗೆ ಅಂಕಣ ಬರೆಯುವ ಅಭ್ಯಾಸವಿರಲಿಲ್ಲ.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಬಾಯಿ ಬಿಡದಿರುವುದು ತಮ್ಮ ವೃತ್ತಿಧರ್ಮ. ಕೋಟನ್ನು ಮಾತ್ರ ಆಗಾಗ ಬಿಸಿಲಿಗೆ ಹಾಕಿಸಿಕೊಳ್ಳಿ. ಯಾರಿಗೆ ಗೊತ್ತು, ಇನ್ನೊಬ್ಬರು ಕಂಪನಿ ತೆರೆದು ತಮ್ಮನ್ನು ಕರೆಯಲು ಬಂದಾರು.

ಇತಿ ತಮ್ಮ ವಿಧೇಯ,
ಮಾಜಿ ಅತಿಥಿ