ಟಿಕೆಟ್ ಆಕಾಂಕ್ಷಿಗಳ ಕೈಪಿಡಿ: ಪುತ್ತೂರು, ಸುಳ್ಯ, ಕಡಬ ಮಾದರಿ

ಆಕಾಂಕ್ಷಿಗಳೇ, ಟಿಕೆಟ್ ಬಹಳ ನಾಜೂಕಿನ ಯಂತ್ರ. ಮುಟ್ಟುವ ಮೊದಲು ಈ ಸೂಚನೆಗಳನ್ನು ಪೂರ್ತಿ ಓದಿ. ಯಾರಾದರೂ ಕೇಳಿದರೆ ‘ಪಕ್ಷ ಹೇಳಿದ ಹಾಗೆ’ ಎನ್ನಿ.

ಮಾದರಿಯ ಆಯ್ಕೆ

ಪುತ್ತೂರು ಸಾಮಾನ್ಯ ಕ್ಷೇತ್ರ, ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲು. ಕಡಬ ತಾಲೂಕಾಯಿತು, ಕ್ಷೇತ್ರವಾಗಲಿಲ್ಲ. ಅಲ್ಲಿನ ವೋಟು ಸುಳ್ಯದ ಲೆಕ್ಕಕ್ಕೆ. ಸುಳ್ಯದಲ್ಲಿ ನಿಲ್ಲುವವರು ದಲಿತರು. ಯಾರನ್ನು ನಿಲ್ಲಿಸಬೇಕು ಎಂದು ತೀರ್ಮಾನವಾಗುವ ಚಾವಡಿಯಲ್ಲಿ ಯಾರು ಕೂತಿರುತ್ತಾರೆಂದು ಊರಿಗೆಲ್ಲ ಗೊತ್ತು. ಕೈಪಿಡಿಯಲ್ಲಿ ಬರೆಯುವ ಕ್ರಮವಿಲ್ಲ.

ಜೋಡಣೆ

ಮತದಾರರ ಪಟ್ಟಿಯನ್ನು ಬದಿಗಿಟ್ಟು ಯಾವುದಾದರೂ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ತನ್ನಿ. ಬಿಡಿಸಿದರೆ ಮೇಜಿನಾಚೆ ಇಳಿಯುವಷ್ಟು ಉದ್ದದ್ದು ಉತ್ತಮ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಆರ್ಥಿಕ ಸಮಿತಿ, ಚಪ್ಪರ ಸಮಿತಿ, ಪಾಕಶಾಲೆ, ಸ್ವಚ್ಛತೆ. ಭಟ್, ರೈ, ಗೌಡ, ಪೂಜಾರಿ, ನಾಯ್ಕ: ಯಾವ ಹೆಸರು ಎಷ್ಟನೇ ಸಾಲಿನಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ಬೆರಳಿಟ್ಟು ನೋಡುತ್ತಾ ಬನ್ನಿ. ಪಟ್ಟಿ ಮುಗಿದ ಮೇಲೂ ಹೆಸರು ಕಾಣದವರು ಕೆಲವರಿದ್ದಾರೆ. ಹೊರೆಕಾಣಿಕೆಯ ದಿನ ಕಾಯಿ, ಅಕ್ಕಿ ಇಳಿಸುವ ಪಿಕಪ್ಪಿನ ಹತ್ತಿರ ಸಿಗುತ್ತಾರೆ. ನಮ್ಮ ಸೀಮೆಯ ಸಮಾಜಶಾಸ್ತ್ರ ಇಷ್ಟು ಚೊಕ್ಕವಾಗಿ ಇನ್ನೆಲ್ಲೂ ಅಚ್ಚಾಗಿಲ್ಲ.

ಇನ್ನು, ಅದೇ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಸಂಜೆಯ ಧಾರ್ಮಿಕ ಸಭೆಯಲ್ಲಿ ‘ನಮ್ಮಲ್ಲಿ ಜಾತಿಯಿಲ್ಲ, ನಾವೆಲ್ಲ ಹಿಂದೂ’ ಎಂದು ಹೇಳಿ. ತಡವರಿಸದೆ ಬಂದರೆ ಜೋಡಣೆ ಮುಗಿಯಿತು.

ಕಾಂಗ್ರೆಸ್ ಬಳಕೆದಾರರಿಗೆ ಬೇರೆ ಸೂಚನೆ: ಬ್ಯಾರಿ ಮುಸ್ಲಿಮರ ವೋಟು ಆಗಲೇ ಜಮಾ ಆಗಿದೆ ಎಂದು ತಿಳಿಯಿರಿ. ಉಳಿದ ಸಮಯವನ್ನು ತಾವೂ ದೈವಭಕ್ತರೆಂದು ತೋರಿಸಲು ಬಳಸಿ. ಕುಕ್ಕೆಯ ಮಡೆಸ್ನಾನದಂಥ ಪ್ರಶ್ನೆ ಎದುರಾದರೆ ಎರಡೂ ಪಕ್ಷದವರಿಗೆ ಉತ್ತರ ಒಂದೇ: ಕೋರ್ಟು ನೋಡಿಕೊಳ್ಳಲಿ. ಅದು ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಹಾಗೆಯೇ.

ಬಿಡಿಭಾಗಗಳು

ಒಂದು ಭಾಗ ಕೆಟ್ಟರೆ ಅದೇ ಕಂಪನಿಯದ್ದನ್ನೇ ಹಾಕಿ. 2023ರಲ್ಲಿ ಬಿಜೆಪಿ ಪುತ್ತೂರಿನಲ್ಲಿ ಸಂಜೀವ ಮಠಂದೂರರನ್ನು ತೆಗೆದು ಆಶಾ ತಿಮ್ಮಪ್ಪರನ್ನು ಹಾಕಿತು. ಗೌಡರ ಜಾಗಕ್ಕೆ ಗೌಡರು. ಆದರೂ ಯಂತ್ರ ಕೈಕೊಟ್ಟಿತು, ಯಾಕೆಂದರೆ ಅರುಣ್ ಕುಮಾರ್ ಪುತ್ತಿಲ ಹಿಂದುತ್ವದ ಹೆಸರಲ್ಲೇ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಸುಮಾರು 4 ಸಾವಿರ ವೋಟಿನಿಂದ ಗೆದ್ದರು, ಪುತ್ತಿಲ ಎರಡನೆಯವರು, ಬಿಜೆಪಿ ಮೂರನೆಯದು. ಹಾಗೆಂದು ಊರು ಬದಲಾಯಿತು ಎನ್ನಬೇಡಿ. ಸೋತ ಇಬ್ಬರ ವೋಟು ಕೂಡಿಸಿದರೆ 1 ಲಕ್ಷ, ಗೆದ್ದವರದು 66 ಸಾವಿರ ಚಿಲ್ಲರೆ. 2013ರಲ್ಲಿ ಕಾಂಗ್ರೆಸ್ಸಿಗೆ ಪುತ್ತೂರು ಗೆದ್ದುಕೊಟ್ಟ ಶಕುಂತಳಾ ಶೆಟ್ಟಿಯವರೂ, ಈಗಿನ ರೈಗಳೂ ಬಿಜೆಪಿಯಿಂದಲೇ ಬಂದವರು; ಇಬ್ಬರೂ ಬಂಟರು. 2024ರ ಮಾರ್ಚಿನಲ್ಲಿ ಪುತ್ತಿಲರು ಬಿಜೆಪಿ ಸೇರಿದರು. ರಿಪೇರಿ ಮುಗಿಯಿತು.

ಎಚ್ಚರಿಕೆ

ಫ್ಲೆಕ್ಸ್ ಎರಡು ಬದಿಗೂ ಹರಿಯುವ ಕತ್ತಿ. 2023ರಲ್ಲಿ ಸೋಲಿನ ಸಿಟ್ಟಿಗೆ ಪುತ್ತೂರಿನಲ್ಲಿ ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಮತ್ತು ಸದಾನಂದ ಗೌಡರ ಚಿತ್ರಕ್ಕೆ ಚಪ್ಪಲಿ ಹಾರ ಹಾಕಿದ್ದು ಅವರದೇ ಪಾಳಯದವರು.

ಸಾವಿನ ಮನೆಗೆ ಹೊರಡುವ ಮೊದಲು ಧರ್ಮ ವಿಚಾರಿಸಿ. 2022ರ ಜುಲೈಯಲ್ಲಿ ಸುಳ್ಯದ ಬೆಳ್ಳಾರೆ ಪರಿಸರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಯುವಕರ ಕೊಲೆಯಾಯಿತು, ಒಬ್ಬ ಮುಸ್ಲಿಂ, ಇನ್ನೊಬ್ಬ ಬಿಜೆಪಿ ಯುವ ಮೋರ್ಚಾದವನು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಒಂದೇ ಮನೆಗೆ ಹೋದರು. ಇನ್ನೊಂದು ಮನೆಗೆ ಸರ್ಕಾರದ ಪರಿಹಾರ ಬಂದದ್ದು ಸರ್ಕಾರ ಬದಲಾದ ಮೇಲೆ, 2023ರಲ್ಲಿ. ಇಲ್ಲಿ ತಮಾಷೆ ಮಾಡಲು ನನಗೆ ಕೈ ಬರುವುದಿಲ್ಲ.

ಕರೆಂಟಿಲ್ಲ, ರಸ್ತೆಯಿಲ್ಲ, ಅಡಿಕೆಗೆ ಹಳದಿ ರೋಗ ಎಂಬ ದೂರುಗಳು ಈ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. 2016ರಲ್ಲಿ ಬೆಳ್ಳಾರೆಯವರೊಬ್ಬರು ಕರೆಂಟಿನ ವಿಷಯಕ್ಕೆ ಇಂಧನ ಸಚಿವರಿಗೇ ಫೋನು ಮಾಡಿದರು. ಮಾತಿಗೆ ಮಾತು ಬೆಳೆದು ಕೇಸಾಯಿತು, ಫೋನು ಮಾಡಿದವರ ಬಂಧನವಾಯಿತು.

ವಾರಂಟಿ

ಜಾತಿ ನೋಡಿ ಕೊಡಲಾಗುವುದು. 1994ರಲ್ಲಿ ಬಿಜೆಪಿಯ ಇಬ್ಬರು ಮೊದಲ ಸಲ ಗೆದ್ದು ಒಟ್ಟಿಗೆ ವಿಧಾನಸಭೆಗೆ ಹೋದರು. ಪುತ್ತೂರಿನಿಂದ ಹೋದ ಡಿ.ವಿ. ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಯಾದರು. ಸುಳ್ಯದಿಂದ ಹೋದ ಎಸ್. ಅಂಗಾರರು 2018ರವರೆಗೆ ಸತತ ಆರು ಸಲ ಗೆದ್ದರು. ಮಂತ್ರಿಯಾದದ್ದು 2021ರ ಜನವರಿಯಲ್ಲಿ. 2023ರಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ.