ಸ್ಮಾರ್ಟ್ ಬೋರ್ಡು ಮತ್ತು 'ಮುಟ್ಬೇಡ್ರೋ' ಸಿದ್ಧಾಂತ

ಲಕ್ಷಣ ನಿರೂಪಣೆ

ಮುಟ್ಟಿದರೆ ಮಿಸುಕುವ ಹಲಗೆಗೆ ಸ್ಮಾರ್ಟ್ ಬೋರ್ಡೆಂದು ಹೆಸರು. 1991ರಲ್ಲಿ ಕೆನಡಾದ ಕಂಪನಿಯೊಂದು ಇದನ್ನು ಮೊದಲು ಮಾರಿತೆಂಬುದು ಪಾಶ್ಚಾತ್ಯರ ವಾದ. ಪ್ರಸ್ತುತ ಪ್ರಬಂಧಕಾರನು ಇದನ್ನು ಒಪ್ಪನು. ನಮ್ಮ ಕೂಲಿಮಠಗಳಲ್ಲಿ ಮರಳು ಹರವಿ, ಹುಡುಗನ ತೋರುಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಮರಳು ಬೆರಳಿಗೆ ಓಗೊಡುತ್ತಿತ್ತು, ಅಂಗೈ ಸವರಿದರೆ ಅಳಿಯುತ್ತಿತ್ತು, ಚಾರ್ಜು ಕೇಳುತ್ತಿರಲಿಲ್ಲ. ಆದ್ದರಿಂದ ಟಚ್‌ಸ್ಕ್ರೀನಿನ ಮೂಲ ನಮ್ಮ ಹೊಳೆದಂಡೆಯೇ ಎಂದು ನಿರ್ಣಯ.

ಇತಿಹಾಸ ಖಂಡ

1987ರಲ್ಲಿ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಬಂದು, ಶಾಲೆಗೆ ಎರಡು ಕೋಣೆಯಾದರೂ ಇಬ್ಬರು ಶಿಕ್ಷಕರಾದರೂ ಇರಲೆಂದಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಹುಟ್ಟಿ, ಕಾರ್ಡು, ಏಣಿ, ತಟ್ಟೆಗಳೆಂದು ಮಕ್ಕಳನ್ನು ನೆಲದ ಮೇಲೆ ದುಂಡಗೆ ಕೂರಿಸಿತು. 2004ರಲ್ಲಿ ಎಜುಸ್ಯಾಟ್ ಹಾರಿ, ಬಾನಿನಿಂದ ಚಾಮರಾಜನಗರದ ಶಾಲೆಗಳಿಗೆ ಪಾಠ ಇಳಿಯಿತು. ಆ ಉಪಗ್ರಹವಿದ್ದದ್ದು ಸುಮಾರು 36,000 ಕಿ.ಮೀ. ಎತ್ತರದಲ್ಲಿ; ಈಗಿನ ಬೋರ್ಡಿನ ಮೇಲಂಚು ಆರಡಿ ಎತ್ತರದಲ್ಲಿ. ಒಂದನೇ ಕ್ಲಾಸಿನ ಮಗುವಿಗೆ ಎರಡೂ ಸಮನಾಗಿ ಎಟುಕವು.

ಮಡಿ ಪ್ರಕರಣ

ಮುಟ್ಟಲೆಂದೇ ಹುಟ್ಟಿದ್ದನ್ನು ಮುಟ್ಟದಂತೆ ಕಾಯುವುದೇ ಈ ಶಾಸ್ತ್ರದ ತಿರುಳು. ಬೋರ್ಡು ದಾಸ್ತಾನು ವಹಿಗೆ ಏರಿದೆ. ಪಕ್ಕದಲ್ಲಿ ಹೆಡ್‌ಮೇಷ್ಟ್ರ ಸಹಿ ಇದೆ. ಅದು ಗೀರಿದರೆ ಅವರ ಪಿಂಚಣಿಯೂ ಗೀರೀತೆಂಬ ಭಯ. ಹಾಗಾಗಿ ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಹಳೆಯ ಸೀರೆ, ರಿಮೋಟು ಬೀರುವಿನಲ್ಲಿ, ಬೀರುವಿನ ಕೀಲಿ ಸೊಂಟದಲ್ಲಿ. ಇಷ್ಟರ ಮೇಲೂ ಯಾವನಾದರೂ ಕೈ ಚಾಚಿದರೆ ಮೂಲಮಂತ್ರ: "ಮುಟ್ಬೇಡ್ರೋ!"

ಪ್ರಯೋಗ ಖಂಡ

ಪ್ರಬಂಧಕಾರನು ಶಾರದಾ ಪೂಜೆಯ ದಿನ ಒಂದು ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು, ಚರುಪನ್ನು ಮೆಲ್ಲುತ್ತ, ಕೆಳಕಂಡದ್ದನ್ನು ದಾಖಲಿಸಿದ್ದಾನೆ. ಬೋರ್ಡಿಗೆ ಚೆಂಡು ಹೂವಿನ ಹಾರ ಹಾಕಿ ಸ್ವಿಚ್ಚು ಒತ್ತಿದರು. ಇದರ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳು ಅಡ್ಡಕ್ಕೂ ಉದ್ದಕ್ಕೂ ಹರಿಯುತ್ತವೆ. ಕಿರಣಕ್ಕೆ ಎಲ್ಲಿ ತಡೆಯಾಯಿತೋ ಅಲ್ಲಿ ಬೆರಳಿದೆಯೆಂದು ಬೋರ್ಡು ನಂಬುತ್ತದೆ. ಬೆರಳು ಬೇರೆ, ಹೂವು ಬೇರೆ ಎಂಬ ಭೇದ ಈ ಅದ್ವೈತಿಗೆ ಇಲ್ಲ. ಫ್ಯಾನಿನ ಗಾಳಿಗೆ ಹಾರ ತೂಗಿತು. ತೆರೆಯ ಮೇಲೆ ತಾನೇ ತಾನಾಗಿ 'ಠ'ದಂಥದೊಂದು ಮೂಡಿತು.

"ಸಾ! ಸರಸ್ವತಿ ಬರೀತಾವ್ಳೆ!" ಎಂದು ತರಗತಿ ಎದ್ದು ನಿಂತಿತು. ಹೆಡ್‌ಮೇಷ್ಟ್ರು ಕೈಮುಗಿದರು. ಅಷ್ಟರಲ್ಲಿ ಕರೆಂಟು ಹೋಯಿತು.

ಮುಂದಿನ ಸಾಲಿನ ಹುಡುಗಿ ಕೇಳಿದಳು: "ಮಿಸ್, ಹೋದ್ ಕರೆಂಟು ಎಲ್ಲಿಗೋಯ್ತದೆ?"

ಮಿಸ್ಸು ಒಂದು ಗಳಿಗೆ ಸುಮ್ಮನಿದ್ದು ಬಳಪ ಎತ್ತಿಕೊಂಡರು. ಪಕ್ಕದ ಕಪ್ಪುಹಲಗೆಯ ಮೇಲೆ ಕಾವೇರಿ ಧುಮುಕಿತು, ಶಿವನಸಮುದ್ರವಾಯಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ತಂತಿಯನ್ನು ಎಳೆಯುತ್ತಾ ಹಲಗೆಯ ಕೊನೆ ಮುಟ್ಟಿದರು. ಒಬ್ಬ ಬಂದು ತನ್ನ ಮನೆಯ ಮುಂದಿನ ಕಂಬ ಬರೆದ. ಇನ್ನೊಬ್ಬ ಅದರ ಮೇಲೆ ಕಾಗೆ ಕೂರಿಸಿದ. "ಕಾಗೆಗ್ಯಾಕೆ ಶಾಕ್ ಹೊಡೆಯಲ್ಲ?" ಎಂದು ಮೂರನೆಯವನು ಜಗಳಕ್ಕೆ ಬಿದ್ದ. ಬಳಪ ಕೈಯಿಂದ ಕೈಗೆ ಹೋಯಿತು. ಊಟದ ಗಂಟೆ ಹೊಡೆದರೂ ಯಾರೂ ತಟ್ಟೆ ಹುಡುಕಲಿಲ್ಲ.

ಉಪಸಂಹಾರ

ಪ್ರಬಂಧಕಾರನು ಹೊರಡುವ ಮುನ್ನ ಬೋರ್ಡಿನ ಬಳಕೆ ವಹಿಯನ್ನು ಪರಿಶೀಲಿಸಿದನು. ಆ ಪೀರಿಯಡ್ಡಿನ ಎದುರು ಮುದ್ದಾದ ಅಕ್ಷರದಲ್ಲಿ ಹೀಗೆ ನಮೂದಾಗಿದೆ: 'ಕರೆಂಟ್ ಇಲ್ಲ. ಸಂವಾದಾತ್ಮಕ ಕಲಿಕೆ ನಡೆದಿಲ್ಲ.'